ಸುಣ್ಣ ಬಳಿದ ಗೋಡೆ

ಗೋಡೆಗಳು ಮಾತನ್ನು ಹಿಡಿದಿಟ್ಟುಕೊಳ್ಳುವ ಆ ಊರಿನಲ್ಲಿ, ದವಾಖಾನೆಯ ತಪಾಸಣೆಯೆಂದರೆ ಅಧಿಕಾರಿಯು ಗೋಡೆಗೆ ಕಿವಿಯಿಟ್ಟು ಕೇಳುವುದೇ ಆಗಿತ್ತು.

ಡಾಕ್ಟರ್ ಪಾವಟೆಯವರ ಒಳಕೋಣೆಯ ಗೋಡೆಯಲ್ಲಿ ಸಂಗವ್ವನ ಮಗಳ ಕೊನೆಯ ಮಾತಿತ್ತು: "ಯವ್ವಾ, ಉಸಿರಾಡಾಕ ಆಗವಲ್ದು." ಅದರ ಬೆನ್ನಿಗೇ ಕಾಂಪೌಂಡರನ ದನಿ: "ಸರ್, ಆಕ್ಸಿಜನ್ ಸಿಲಿಂಡರ್ ಖಾಲಿ ಐತ್ರಿ." ಪ್ರತಿ ಸೋಮವಾರ ಸಂಗವ್ವ ಬಂದು, ಗೋಡೆಗೆ ಕೆನ್ನೆಯೊತ್ತಿ ಮಗಳನ್ನು ಕೇಳಿಹೋಗುತ್ತಿದ್ದಳು. ತಪಾಸಣೆಯ ದಿನ ಅಧಿಕಾರಿಯೂ ಕೇಳುವನೆಂದು ಕಾದಿದ್ದಳು.

ಆ ದಿನ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಅಧಿಕಾರಿ ಕಿವಿಗೆ ಹತ್ತಿದ ಹಸಿ ಸುಣ್ಣವನ್ನು ಒರೆಸಿಕೊಂಡು, "ಭಾಳ ಸ್ವಚ್ಛ ಇಟ್ಟೀರಿ, ಡಾಕ್ಟರ್ ಸಾಹೇಬ್ರ," ಎಂದು ಹೊಗಳಿದ.

"ನನ್ನ ಮಗಳು ಅದರಾಗ ಇದ್ಳ್ರೀ, ಸಾಹೇಬ್ರ!" ಎಂದಳು ಸಂಗವ್ವ.

"ತಪಾಸಣಿ ಅಂದ್ರ ಎಲ್ಲಾರೂ ಸುಣ್ಣ ಹಚ್ಚೇ ಹಚ್ತಾರ, ಯವ್ವಾ. ಅದೇನು ತಪ್ಪಾ?" ಎಂದು ಅಧಿಕಾರಿ ನಕ್ಕ.

ಸುಣ್ಣವು ಹಳೆಯ ದನಿಯನ್ನು ಅಳಿಸುತ್ತದೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ಓದಿದ ಆ ಇಬ್ಬರಿಗೆ ಗೊತ್ತಿರಲಿಲ್ಲವೆಂದು ಯಾರು ನಂಬಬೇಕು?

ಅವರು ಚಹಾಕ್ಕೆ ಹೊರಟರು. ಸಂಗವ್ವ ಗೋಡೆಗೆ ಹಣೆಯಿಟ್ಟು ಅತ್ತಳು. ಹಸಿ ಸುಣ್ಣ ಆ ಅಳುವನ್ನು ನಿಷ್ಠೆಯಿಂದ ಹಿಡಿದಿಟ್ಟುಕೊಂಡಿತು, ಮುಂದಿನ ತಪಾಸಣೆಗೆ ಮತ್ತೆ ಸುಣ್ಣ ಬಳಿಯುವವರೆಗೆ.