ಹದಿನಾಲ್ಕು ಚೀಟಿ

ಹದಿನಾಲ್ಕು ಚೀಟಿ ಬಿಚ್ಚಿ ನೋಡಿದರೂ ಸುಮನಳಿಗೆ ಸಿಕ್ಕಿದ್ದು ಒಂದೇ ಮಾತು: 'ಭಾರಿ ಐತಿ.' ಒಬ್ಬ ಪುಣ್ಯಾತ್ಮ ಮಾತ್ರ 'ಭಾಳ ಭಾರಿ ಐತಿ' ಎಂದು ಬರೆದಿದ್ದ. ಅವಳು ಚೀಟಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸಭಾಭವನದ ಹಿಂದಿನ ಅಡುಗೆಮನೆಗೆ ಬಂದು, ಹಿಟ್ಟಿನ ಡಬ್ಬದ ಪಕ್ಕ ಕುಸಿದು ಕೂತಳು.

"ಯಾಕವಾ, ಮಾರಿ ಸಣ್ಣದು ಮಾಡ್ಕೊಂಡು ಕುಂತೀದಿ?" ರೊಟ್ಟಿ ಬಡಿಯುತ್ತಿದ್ದ ಅಲ್ಲವ್ವ ಕೇಳಿದಳು. ಸಂಕೇಶ್ವರದಲ್ಲಿ ನಡೆದಿದ್ದ ಮೂರು ದಿನದ ಗೇಮ್ ಜಾಮಿಗೆ ಬಂದ ಹದಿನೈದು ಜನರಿಗೆ ಅಡುಗೆ ಅವಳದೇ. ನಲವತ್ತು ವರ್ಷದಲ್ಲಿ ಒಂದು ರೊಟ್ಟಿಯನ್ನೂ ಸುಟ್ಟು ಕರಕು ಮಾಡಿದವಳಲ್ಲ ಎಂಬ ಜಂಭ ಬೇರೆ. ಇಲ್ಲಿ ಒಬ್ಬೊಬ್ಬರೂ ಒಂದೊಂದು ಪುಟ್ಟ ಕಂಪ್ಯೂಟರ್ ಆಟ ಕಟ್ಟಬೇಕು, ಒಬ್ಬರದನ್ನೊಬ್ಬರು ಆಡಿ ಹುಳುಕು ಬರೆದು ಕೊಡಬೇಕು, ತಿದ್ದಿಕೊಳ್ಳಬೇಕು, ಕೊನೆಯ ದಿನ ಸಂಜೆ ಐದಕ್ಕೆ ಓಟು ಹಾಕಬೇಕು ಎಂಬಷ್ಟು ಅವಳಿಗೂ ತಿಳಿದಿತ್ತು. ಆ ಕೊನೆಯ ದಿನ ಇವತ್ತೇ.

"ಎಲ್ಲಾರೂ ಭಾರಿ ಅಂತ ಬರದಾರ, ಆಯಿ."

"ಚಲೋನ ಆತಲ್ಲ ಮತ್ತ!"

"ಎಲ್ಲಿ ಚಲೋ? ಹಿಂದಿನ ಎರಡು ಸಲಾನೂ ಹಿಂಗ ಅಂದಿದ್ರು. ಎರಡೂ ಸಲ ನಂದ ಕಡೀ ನಂಬರ್. ಇವತ್ತೂ ಹಂಗ ಆದ್ರ ಸಾಕು, ಬಿಟ್ಟಬಿಡ್ತೇನಿ. ಹುಕ್ಕೇರಿಗೆ ಹೋಗಿ ಸುಮ್ನ ನಮ್ಮ ಮನಿ ಝೆರಾಕ್ಸ್ ಅಂಗಡಿ ನೋಡ್ಕೊಂತ ಕುಂದರ್ತೇನಿ." ಬಾಯಲ್ಲಿ ಹಾಗೆಂದಳು ಅಷ್ಟೇ. ಆಟ ಕಟ್ಟುವುದರಷ್ಟು ಇಷ್ಟದ ಕೆಲಸ ಅವಳಿಗೆ ಬೇರೊಂದಿರಲಿಲ್ಲ.

ಅಲ್ಲವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನನಗೂ ಹಂಗ ಅಂತಾರವಾ. ನಿನ್ನಿ ಬದನಿಕಾಯಿ ಪಲ್ಯ ಹೆಂಗಾಗಿತ್ತು ಅಂದ್ರ ಹದಿನೈದು ಮಂದೀನೂ ಭಾರಿ ಅಂದ್ರಿ. ತೊಳ್ಯಾಕ ಕುಂತಾಗ ನೋಡಿದ್ರ ಎಲ್ಲಾರ ತಾಟಿನ್ಯಾಗೂ ಅರ್ಧ ಪಲ್ಯ ಹಂಗ ಐತಿ! ಉಂಡವರ ಬಾಯಿ ಏನು ಕೇಳ್ತಿ? ತಾಟು ನೋಡಬೇಕು."

ಸುಮನ ನಾಚಿದಳು. ಪಲ್ಯ ಬಿಟ್ಟವರಲ್ಲಿ ಅವಳೂ ಒಬ್ಬಳು. ಅಷ್ಟೇ ಅಲ್ಲ, ಬೆಳಿಗ್ಗೆ ಜಿನದತ್ತನ ಆಟ ಎರಡೇ ನಿಮಿಷ ಆಡಿ, ತಲೆಬುಡ ತಿಳಿಯದೆ ಎದ್ದು, 'ಭಾರಿ ಐತಿ' ಎಂದು ಬರೆದುಕೊಟ್ಟವಳೂ ಅವಳೇ. ನಮ್ಮ ಕಡೆ ಉಣಬಡಿಸಿದವರ ಮುಂದೆ ಯಾರಾದರೂ ಬಾಯಿಬಿಟ್ಟು ಹುಳುಕು ತೆಗೆದಾರೆಯೇ?

"ಆಯಿ, ಪಲ್ಯಕ್ಕ ಉಪ್ಪು ಜಾಸ್ತಿ ಆಗಿತ್ತು."

ಅಲ್ಲವ್ವ ಗೊಳ್ಳೆಂದು ನಕ್ಕಳು. "ಹೌದಲ್ಲ! ಮರತು ಎರಡು ಸಲ ಹಾಕೀನಿ ಅಂತ ನನಗೂ ಅನುಮಾನಿತ್ತು. ನೀ ಒಬ್ಬಾಕಿಯಾದ್ರೂ ಹೇಳಿದಿ."

ಸುಮನ ನೇರ ಜಿನದತ್ತನ ಬಳಿ ಹೋದಳು. "ನನ್ನ ಚೀಟಿ ಸುಳ್ಳು. ನಿನ್ನ ಆಟದಾಗ ಯಾವ ಬಟನ್ ಒತ್ತಬೇಕಂತ ನನಗ ಗೊತ್ತಾಗಲಿಲ್ಲ. ಎದ್ದುಬಂದೆ."

ಜಿನದತ್ತನ ಮುಖ ಬಾಡಿತು. ಆಮೇಲೆ ಹಣೆ ಚಚ್ಚಿಕೊಂಡ. "ಬೆಳಿಗ್ಗೇನ ಹೇಳಾಕ ಏನಾಗಿತ್ತ ನಿನಗ! ಆಟದ ಮೊದಲಿಗೆ ಯಾವ ಬಟನ್ ಅಂತ ಬರದು ತೋರಿಸಿದ್ರ ಮುಗೀತಿತ್ತು." ಮತ್ತೆ ದನಿ ಇಳಿಸಿ, "ಸಿಟ್ಟಾಗಬ್ಯಾಡ. ನಾನೂ ನಿನ್ನ ಆಟದಾಗಿನ ಟ್ರ್ಯಾಕ್ಟರ್ ಪೂರಾ ಓಡಿಸಿಲ್ಲ. ಹತ್ತರಗಿ ತಿರುವಿನ್ಯಾಗ ಬಿಟ್ಟೆ," ಎಂದ.

ಕಬ್ಬು ಹೇರಿದ ಟ್ರ್ಯಾಕ್ಟರನ್ನು ಹಿಡಕಲ್ ಕಡೆಯ ಹೊಲದಿಂದ ಸಕ್ಕರೆ ಕಾರ್ಖಾನೆಗೆ ಮುಟ್ಟಿಸುವುದು ಸುಮನಳ ಆಟ. ಅವಳು ಒಬ್ಬೊಬ್ಬರನ್ನೂ ಕೇಳುತ್ತ ಹೋದಳು. ಚಂದ ಐತೋ ಇಲ್ಲವೋ ಎಂದಲ್ಲ, ಎಲ್ಲಿ ಬಿಟ್ಟಿರಿ ಎಂದು. ಹತ್ತರಗಿ ತಿರುವು. ಹತ್ತರಗಿ ತಿರುವು. ಹದಿನಾಲ್ಕರಲ್ಲಿ ಹದಿಮೂರು ಜನ ಅಲ್ಲೇ ಎದ್ದಿದ್ದರು. ಆದರೆ ಆ ತಿರುವೇ ತನ್ನ ಆಟದ ಜೀವ ಎಂದುಕೊಂಡಿದ್ದಳು ಅವಳು! ಏನು ತಿದ್ದಬೇಕೆಂದೇ ಹೊಳೆಯಲಿಲ್ಲ.

ಊಟವಾದ ಮೇಲೆ ಲ್ಯಾಪ್‌ಟಾಪನ್ನು ಅಡುಗೆಮನೆಗೇ ಹೊತ್ತು ತಂದು ಹಿಟ್ಟಿನ ಡಬ್ಬದ ಮೇಲಿಟ್ಟಳು. ಅಲ್ಲವ್ವ ಸೆರಗಿಗೆ ಕೈ ಒರೆಸಿಕೊಂಡು ಆಡಲು ಕೂತಳು. ಹಿಂದಿನಿಂದ ಓಡಿಬಂದು ಕಬ್ಬು ಜಗ್ಗುವ ಹುಡುಗರನ್ನು ಕಂಡು, "ಇವರವ್ವನ! ನಾವೂ ಹಿಂಗ ಜಗ್ಗತಿದ್ವಿ," ಎಂದು ನಕ್ಕಳು. ತಿರುವಿನಲ್ಲಿ ಟ್ರೇಲರ್ ಪಲ್ಟಿಯಾಯಿತು. ಪರದೆಯ ಮೇಲೆ ಮತ್ತೆ ಹೊಲ.

"ಮತ್ತ ಹೊಲದಿಂದ?"

"ಹೂಂ. ಬಿದ್ರ ಮೊದಲಿಂದ."

"ಒಂದು ರೊಟ್ಟಿ ಹರದ್ರ ಬುಟ್ಟೀನ ಚೆಲ್ಲತಾರೇನ, ಹುಚ್ಚಿ? ಹರದದ್ದನ್ನ ಮತ್ತ ಬಡಿಬೇಕು."

ಸುಮನಳಿಗೆ ತಟ್ಟನೆ ಹೊಳೆಯಿತು. ತಿರುವಿಗೆ ಯಾರೂ ಬೇಸತ್ತಿರಲಿಲ್ಲ, ಮತ್ತೆ ಅಷ್ಟುದ್ದ ಬರಬೇಕಲ್ಲ ಎಂಬುದಕ್ಕೆ ಎದ್ದಿದ್ದರು. ಬಿದ್ದರೆ ಟ್ರ್ಯಾಕ್ಟರ್ ತಿರುವಿನ ಮುಂಚಿನ ಸೇತುವೆಯಿಂದಲೇ ಮತ್ತೆ ಹೊರಡುವಂತೆ ಮಾಡಿ ಮುಗಿಸುವಾಗ ನಾಲ್ಕೂವರೆ ದಾಟಿತ್ತು.

ಅಲ್ಲವ್ವ ಆಗಷ್ಟೇ ಒಲೆ ಹಚ್ಚಿ ರಾತ್ರಿಯ ಮೊದಲ ರೊಟ್ಟಿ ಹಂಚಿಗೆ ಹಾಕಿದ್ದಳು. ಸುಮನ ಲ್ಯಾಪ್‌ಟಾಪನ್ನು ಮತ್ತೆ ಅವಳ ಮುಂದಿಟ್ಟಳು. "ಈಗೇನ? ಕೆಲಸೈತಿ ನನಗ. ಒಂದ ಸಲ ನೋಡ," ಎಂದು ಎಡಗೈಯಲ್ಲಿ ಟ್ರ್ಯಾಕ್ಟರ್ ಹೊರಡಿಸಿದಳು, ಬಲಗೈ ಹಂಚಿನ ಕಡೆಗೇ ಇತ್ತು. ಟ್ರೇಲರ್ ಪಲ್ಟಿಯಾಯಿತು. ಸೇತುವೆಯಿಂದ ಮತ್ತೆ ಹೊರಟಿತು. ಮತ್ತೆ ಪಲ್ಟಿ. ಅಲ್ಲವ್ವ ಟೊಂಕ ಕಟ್ಟಿ ಕೂತಳು, ಬಲಗೈಯೂ ಕೀಲಿಗಳ ಮೇಲೆ ಬಂತು. ಹೇಗಿದೆ ಎಂದು ಕೇಳಲು ಸುಮನಳ ನಾಲಿಗೆ ತುರಿಸಿತು. ಕೇಳದೆ, ಅಲ್ಲವ್ವನ ಕೈಗಳನ್ನೇ ನೋಡುತ್ತ ನಿಂತಳು.

"ಸುಮನ, ಓಟಿಗೆ ಕರಿಯಾಕತ್ತಾರ," ಎನ್ನುತ್ತ ಬಾಗಿಲಿಗೆ ಬಂದ ಜಿನದತ್ತ ಮೂಗು ಅರಳಿಸಿದ. "ಆಯಿ, ರೊಟ್ಟಿ! ರೊಟ್ಟಿ ಸುಡಾಕತ್ತೈತಿ!"

"ತಡಿಯೋ, ತಿರುವು ಬಂತು," ಎಂದಳು ಅಲ್ಲವ್ವ, ಕಣ್ಣು ಕೀಳದೆ.

ಸುಮನ ಒಲೆ ಆರಿಸಿದಳು. ಕಪ್ಪಗೆ ಕರಕಲಾಗಿದ್ದ ರೊಟ್ಟಿಯನ್ನು ಹಂಚಿನಿಂದ ಎತ್ತಿ, ಊದಿ, ಆ ಹದಿನಾಲ್ಕು ಚೀಟಿಗಳಲ್ಲಿ ಸುತ್ತಿ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಳು.