ಹಿಂದೆ ಉಳಿಯುವವರು

ಇಂದೂ ಅದೇ ರಾಗ. ಗುಡ್ಡದ ಏರು ಶುರುವಾಗಿ ನೂರು ಮಾರು ಹೋಗಿಲ್ಲ, ನರ್ಸಮ್ಮ ಸೈಕಲ್ ಇಳಿದೇಬಿಟ್ಟಳು.

"ಮೇಷ್ಟ್ರೇ, ಒಂಚೂರು ನಿಲ್ಲೋಣ. ಕಾಲು ಸೋತುಹೋಯ್ತು."

ಮೇಷ್ಟ್ರು ಹ್ಯಾಂಡಲ್ ಮೇಲೆ ಒರಗಿ, ಬಾಯಿ ತೆರೆದು ಗಾಳಿ ಎಳೆದುಕೊಂಡರು. ಮಾತು ಹೊರಡಲು ಒಂದು ನಿಮಿಷ ಹಿಡಿಯಿತು. ಸಿಟ್ಟಿಗೆ ಹಾಗಾಗುತ್ತದೆ ಎಂಬುದು ಅವರ ಅಂಬೋಣ.

"ನಿನ್ನ ವಯಸ್ಸಲ್ಲಿ ನಾನು ಈ ಗುಡ್ಡನ ದಿನಕ್ಕೆರಡು ಸಲ ಹತ್ತಿ ಇಳೀತಿದ್ದೆ."

"ಅದಕ್ಕೇ ಅಲ್ವಾ ನಿಮ್ಮ ಜೊತೆ ಬರೋದು? ಟೈಮ್ ಎಷ್ಟಾಯ್ತು, ನೋಡೋಣ." ಅವರ ಮಣಿಕಟ್ಟು ಹಿಡಿದು ಅವರದೇ ವಾಚನ್ನು ಅರ್ಧ ನಿಮಿಷ ದಿಟ್ಟಿಸಿದಳು.

ಕಾಲೂ ಇಲ್ಲ, ಕಣ್ಣೂ ಇಲ್ಲ. ಪಾಪ.

ಮೂವತ್ತೆರಡು ವರ್ಷ ಶಾಲೆಯಲ್ಲಿ ವ್ಯಾಯಾಮ ಕಲಿಸಿದವರು ಮೇಷ್ಟ್ರು. ಎಪ್ಪತ್ತೊಂದಕ್ಕೂ ಎದೆ ಸೆಟೆಸಿಯೇ ನಡೆಯುತ್ತಿದ್ದರು. ಭಾನುವಾರದ ಸೈಕಲ್ ಬಳಗದಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯರೇ. ಆದರೂ ಹಣೆಬರಹ ನೋಡಿ, ತಿಂಗಳಿಗೊಬ್ಬರು ಕೈಲಾಗದವರು ಅವರಿಗೇ ಗಂಟುಬೀಳುತ್ತಿದ್ದರು. ಮೊದಲು ದರ್ಜಿ. ಆಳೆತ್ತರದ ಆಸಾಮಿಗೆ ಮಂಡಿನೋವಂತೆ! ಆಮೇಲೆ ಬೇಕರಿಯವನು, ಮರಕ್ಕೊಂದು ಸಲ ನಿಂತು ಹಕ್ಕಿ ನೋಡುವ ಖಯಾಲಿ. ತಿಂಗಳು ಕಳೆದದ್ದೇ ತಡ, ಇಬ್ಬರೂ ಬಾಣದಂತೆ ಮುಂದಿನ ಗುಂಪು ಸೇರಿದರು. ಎಲ್ಲ ತಮ್ಮ ತರಬೇತಿಯ ಫಲ ಎಂದು ಮೇಷ್ಟ್ರು ಮನೆಯಲ್ಲಿ ಹೇಳಿದಾಗ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಹೂಂಗುಟ್ಟಿದ್ದರು.

ಆದರೆ ನರ್ಸಮ್ಮನ ಮೇಲೆ ಯಾವ ತರಬೇತಿಯೂ ನಾಟಲಿಲ್ಲ. ಇವತ್ತು ಏಳು ಸಲ ನಿಂತಳು. ಗುಡ್ಡದ ತುದಿಯ ಕಾಫಿ ಅಂಗಡಿ ಮುಟ್ಟುವಷ್ಟರಲ್ಲಿ ಉಳಿದವರ ಲೋಟ ಒಣಗಿತ್ತು.

ಮೇಷ್ಟ್ರ ತಾಳ್ಮೆಯೂ ಒಣಗಿತ್ತು.

"ಒಂದು ನಿಯಮ ಮಾಡಿ," ಎಂದರು ನಿಂತುಕೊಂಡೇ. "ಗುಡ್ಡ ಹತ್ತೋಕಾಗದವರಿಗೆ ಬಳಗದಲ್ಲಿ ಜಾಗ ಇಲ್ಲ. ಈಕೆ ಒಳ್ಳೇ ಹುಡುಗಿ, ಇಲ್ಲ ಅನ್ನಲ್ಲ. ಆದ್ರೆ ಒಬ್ಬರಿಗೋಸ್ಕರ ಎಲ್ಲರೂ ಎಷ್ಟೂಂತ ಕಾಯೋದು?"

ದರ್ಜಿ ಲೋಟದ ತಳ ನೋಡಿದ. ಬೇಕರಿಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನರ್ಸಮ್ಮ ತಲೆ ತಗ್ಗಿಸಿದಳು. ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಮೈಮುರಿದು ದುಡಿದರೆ ತಾನೇ ಬೆವರು, ಎಂದುಕೊಂಡರು ಮೇಷ್ಟ್ರು.

ಕೊನೆಗೆ ಬಳಗದ ಮುಂದಾಳು, ಅಂಚೆಯಣ್ಣ, ಮೆಲ್ಲಗೆ ಹೇಳಿದ: "ಆ ನಿಯಮ ಬೇಡ ಮೇಷ್ಟ್ರೇ. ಹಾಗೆ ಯಾರನ್ನಾದ್ರೂ ಕಳ್ಕೊಂಡ್ರೆ ನಮಗೇ ಬೇಜಾರಾಗುತ್ತೆ."

"ಎಲ್ಲರದೂ ಇದೇ ಮಾತಾ?"

"ಎಲ್ಲರದೂ ಇದೇ ಮಾತು," ಎಂದಳು ನರ್ಸಮ್ಮ, ಎಲ್ಲರಿಗಿಂತ ಮೊದಲು.

ತನ್ನ ಪರವಾಗಿ ತಾನೇ ಮತ ಹಾಕಿಕೊಳ್ಳುವ ಧೈರ್ಯ! ಆದರೂ ಮೇಷ್ಟ್ರ ಮನಸ್ಸು ಕೊಂಚ ಕರಗಿತು. ಎಷ್ಟಾದರೂ ಶಿಷ್ಯರು, ಕರುಣೆ ಅಂದರೇನೆಂದು ಇವರಿಗೆ ಕಲಿಸಿದವರು ಯಾರು? "ಆಯ್ತು, ಇನ್ನೊಂದು ತಿಂಗಳು ಸಹಿಸ್ಕೋತೀನಿ," ಎಂದು ಉದಾರವಾಗಿ ಘೋಷಿಸಿ, ಮುಖ ತೊಳೆಯಲು ಅಂಗಡಿಯ ಹಿಂದಕ್ಕೆ ಹೋದರು.

ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಬಂದದ್ದು, ಗೋಡೆಯಾಚೆಯಿಂದ, ಹೋದ ವಾರವಷ್ಟೇ ಬಳಗ ಸೇರಿದ ಬಡಗಿಯ ಪಿಸುದನಿ:

"ಅಂಚೆಯಣ್ಣ, ಹಾಗಾದ್ರೆ ಮುಂದಿನ ತಿಂಗಳು ಮೇಷ್ಟ್ರಿಗೋಸ್ಕರ ಹಿಂದೆ ಉಳಿಯೋ ಪಾಳಿ ನಂದೇ ತಾನೇ? ನಾನೇನು ನೆಪ ಹೇಳ್ಲಿ?"