ಬೇವಿನ ಮರದಡಿಯ ಪೊಲೀಸ್

ಸರ್ಕಾರಕ್ಕೆ ಹೆದರಿದ ಸಂಪಾದಕ ಪರದೇಶದ ರಾಯಭಾರ ಕಚೇರಿಯಲ್ಲಿ ಅಡಗಿ ನಾಲ್ಕು ವರ್ಷವಾಗಿತ್ತು. ವಕೀಲರು ಫೋನಿನಲ್ಲಿ ಗದರಿದರು.

"ವಾರಂಟ್ ರದ್ದಾಗಿ ಎರಡು ತಿಂಗಳಾಯ್ತು ಮಾರಾಯ್ರೇ. ಅಕ್ರಮ ಬಂಧನ ಅಂತ ಅರ್ಜಿ ಹಾಕಿದ್ರೆ, ಹಿಡಿದಿಟ್ಟೋರು ಯಾರು ಅಂತ ಕೋರ್ಟು ಕೇಳುತ್ತೆ."

"ಗೇಟಿನಾಚೆ ದಿನಾ ಪೊಲೀಸ್ ನಿಂತಿರ್ತಾನಲ್ಲ!"

"ಪೊಲೀಸ್ರನ್ನ ಆಗ್ಲೇ ವಾಪಸ್ ಕರೆಸ್ಕೊಂಡಿದಾರೆ. ಹಗ್ಗ ಕಂಡ್ರೂ ಹಾವು ಅಂತೀರಿ."

ಇವರನ್ನೂ ಕೊಂಡುಕೊಂಡಿದ್ದಾರೆ ಎಂದುಕೊಂಡು ಫೋನಿಟ್ಟ. ಕಿಟಕಿಯಲ್ಲಿ ಇಣುಕಿದರೆ, ಬೇವಿನ ಮರದ ಕೆಳಗೆ ಅಂದು ಯಾರೂ ಇರಲಿಲ್ಲ. ಕಚೇರಿಯವರು ತನಗೆಂದೇ ನೇಮಿಸಿದ್ದ ಅಡುಗೆಯವನನ್ನು ಕೇಳಿದ.

"ಶೇಷಪ್ಪ, ಪೊಲೀಸ್ ಎಲ್ಲಿ?"

ಶೇಷಪ್ಪ ತಲೆಯೆತ್ತಲಿಲ್ಲ. "ನಾಳೆ ಬರ್ತಾನೆ ಸ್ವಾಮಿ. ನೀವು ಮಾತ್ರ ಹೊರಗೆ ಹೋಗ್ಬೇಡಿ."

ಅನುಮಾನ ಬಂದು ಹಿತ್ತಲ ಬಾಗಿಲು ತೆರೆದ. ಹಗ್ಗದ ಮೇಲೆ, ಶೇಷಪ್ಪನ ಅಂಗಿಯ ಪಕ್ಕದಲ್ಲೇ, ಆಗಷ್ಟೇ ಒಗೆದು ಹಾಕಿದ ಪೊಲೀಸ್ ಖಾಕಿ ಒಣಗುತ್ತಿತ್ತು.